ಎಡಮೂಲೆಯ ನಾಗವ್ವ

ದೈಹಿಕ ಶಿಕ್ಷಣ ನಿರ್ದೇಶಕಿ ಎಂದು ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಒಂದು ಬೀಗದ ಕೈ ಕೊಡುತ್ತಾರೆ. ಬೀಗ ತೆಗೆದರೆ ಒಳಗೆ ಗಾಳಿ ಹೋದ ವಾಲಿಬಾಲ್‌ಗಳು, ಇಲಿ ಕಡಿದ ಬಲೆ, ಹೋದ ವರ್ಷದ ನಾಟಕದ ಪರದೆ, ಕೆಮಿಸ್ಟ್ರಿಯವರು ಬೇಡವೆಂದು ತಂದಿಟ್ಟ ಮುರುಕು ಸ್ಟೂಲು ಸಿಗುತ್ತವೆ. ನಿರ್ದೇಶಕಿ ಎಂಬ ಭಾರಿ ಹೆಸರಿಗೆ ನಿರ್ದೇಶಿಸಲು ಇರುವುದು ಇಷ್ಟೇ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಾನು ಹೈದರಾಬಾದಿನ ನಾರಾಯಣಗೂಡದಲ್ಲಿ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆ ಹೆಸರು ಹೊತ್ತು ಕೂದಲು ನರೆಯುವವರೆಗೆ ದುಡಿದೆ.

ನಮ್ಮದು ಬೀದರ್ ಕಡೆಯ ಮನೆತನ. ತಂದೆಯ ಕಾಲದಿಂದ ಹೈದರಾಬಾದಿನಲ್ಲೇ ಇದ್ದೇವೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ. ನನ್ನ ತಂಗಿಯ ಮಗಳು ಈಚೆಗೆ ಇದೇ ಕೆಲಸಕ್ಕೆ ಸೇರಿದಳು. "ದೊಡ್ಡಮ್ಮ, ಈ ಕೆಲ್ಸ ಖರೇ ಹೆಂಗಿರ್ತದ? ಬರದು ಕೊಡು" ಎಂದು ಗಂಟುಬಿದ್ದಳು. ಬರೆಯುತ್ತಿದ್ದೇನೆ. ಕಪ್ಪು-ಪದಕಗಳ ಕತೆ ಬೇಕಾದವರು ಬೇರೆಯವರದನ್ನು ಓದಬಹುದು. ನನ್ನ ಬಳಿ ಇರುವುದು ಅಂಥದ್ದಲ್ಲ.

ಮೊದಲ ಪ್ರಿನ್ಸಿಪಾಲರಿಗೆ ಮೈದಾನವೆಂದರೆ ವಾರ್ಷಿಕೋತ್ಸವದ ಶಾಮಿಯಾನ ಹಾಕುವ ಜಾಗ. ಆಮೇಲೆ ಬಂದವರಿಗೆ ಅದು ಖಾಲಿ ಬಿದ್ದ ಸೈಟು. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳವು. ಊರಿನ ಮೂಲೆಮೂಲೆಯಲ್ಲೂ ಕಂಪ್ಯೂಟರ್ ಕೋಚಿಂಗಿನ ಬೋರ್ಡುಗಳು ನೇತಾಡುತ್ತಿದ್ದವು. ಆ ಪ್ರಿನ್ಸಿಪಾಲರು ಅರ್ಧ ಮೈದಾನದಲ್ಲಿ ಕಂಪ್ಯೂಟರ್ ಬ್ಲಾಕ್ ಕಟ್ಟಿಸಿದರು. ನಾನು ಜಗಳಕ್ಕೆ ಹೋದಾಗ ನಗುನಗುತ್ತಲೇ, "ಓಡುವವರು ಕಾರಿಡಾರಿನಲ್ಲಿ ಓಡಲಿ ಮೇಡಂ, ಯಾರು ಬೇಡ ಅಂದರು?" ಎಂದು ತೆಲುಗಿನಲ್ಲಿ ಹೇಳಿದರು. ಉಳಿದ ಅರ್ಧದಲ್ಲಿ ಕಬಡ್ಡಿಯ ಒಂದು ಅಂಕಣಕ್ಕೆ ಮಾತ್ರ ಜಾಗವಿತ್ತು. ಹಾಗಾಗಿ ನಮ್ಮದು ಕಬಡ್ಡಿ ಕಾಲೇಜಾಯಿತು. ಇದರಲ್ಲಿ ನನ್ನ ದೂರದೃಷ್ಟಿಯೇನೂ ಇಲ್ಲ.

ಕಬಡ್ಡಿಯಲ್ಲಿ ನನ್ನ ಮೊದಲ ಎಡವಟ್ಟನ್ನು ಹೇಳಿಬಿಡುತ್ತೇನೆ, ನೀವಾದರೂ ಮಾಡದಿರಿ ಎಂದು. ಆಟಕ್ಕೆ ಮೊದಲು ಹುಡುಗಿಯರ ತೂಕ ನೋಡುತ್ತಾರೆ. ಮಿತಿಗಿಂತ ಹೆಚ್ಚಿದ್ದರೆ ಅಂಕಣಕ್ಕೆ ಬಿಡುವುದಿಲ್ಲ. ಆಗ ನಮ್ಮ ಕ್ಯಾಪ್ಟನ್ ಸ್ವರೂಪಾ, ಮೆಹದಿಪಟ್ಟಣಂ ಹುಡುಗಿ. ಅವಳ ಮನೆಯವರೂ ಬೀದರ್ ಕಡೆಯವರೇ, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಎದುರಿನವರ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ, ತಿನ್ನುವುದರಲ್ಲೂ ಇರಲಿಲ್ಲ. ಮಿತಿ ದಾಟಿದ್ದಾಳೆಂದು ತಿಳಿದದ್ದು ಪಂದ್ಯದ ಹಿಂದಿನ ದಿನ. ಊಟ ಬಿಡಿಸಿದೆ, ರೇನ್‌ಕೋಟ್ ತೊಡಿಸಿ ಬಿಸಿಲಲ್ಲಿ ಓಡಿಸಿದೆ. ತೂಕ ಇಳಿಯಿತು. ಸಂತೋಷದಲ್ಲಿ ಮೈಮರೆತು ಅವಳನ್ನು ಕ್ಯಾಂಟೀನಿಗೆ ಬಿಟ್ಟೆ. ಬಾಳೆಹಣ್ಣಿನ ಮೇಲೆ ಮಿರ್ಚಿ ಬಜ್ಜಿ, ಅದರ ಮೇಲೆ ಚಹಾ. ಮೊದಲ ದಾಳಿಗೆ ಹೋದವಳು ಎದುರಾಳಿಗಳ ಅಂಕಣದ ನಟ್ಟನಡುವೆ ಎಲ್ಲವನ್ನೂ ಕಕ್ಕಿದಳು. ರೆಫರಿ ಪುಣ್ಯಾತ್ಮ, ಎರಡು ಹೆಜ್ಜೆ ಹಿಂದೆ ಸರಿದು ಸೀಟಿ ಊದಿದ. ಅದಾದ ಮೇಲೆ ಸ್ವರೂಪಾಗೆ ಬಹಳ ದಿನ "ಬಜ್ಜಿ ಕ್ಯಾಪ್ಟನ್" ಎಂಬ ಹೆಸರಿತ್ತು. ನಗಬೇಕಾದವರು ಇಲ್ಲೇ ನಕ್ಕುಬಿಡಿ.

ನಾಗವ್ವ ಬಂದದ್ದು ಸ್ವರೂಪಾ ಡಿಗ್ರಿ ಮುಗಿಸಿ ಹೋದ ಮೇಲೆ. ಕಾಲೇಜಿನ ದಾಖಲೆಯಲ್ಲಿ ನಾಗಮಣಿ, ಮನೆಯಲ್ಲಿ ನಾಗವ್ವ. ಅವರದು ಸುರಪುರದ ಹತ್ತಿರದ ಹಳ್ಳಿ. ತಂದೆ ಕಟ್ಟಡದ ಕೆಲಸಕ್ಕೆಂದು ಬಂದು ಗೋಡೆಗೆ ಕಟ್ಟಿದ ಮರದ ಸಾರುವೆಯ ಮೇಲಿಂದ ಬಿದ್ದು ತೀರಿಕೊಂಡಿದ್ದ. ತಾಯಿ ಹಣಮವ್ವ ನಾಚಾರಂನಲ್ಲಿ ನಟ್ಟು-ಬೋಲ್ಟಿನ ಸಣ್ಣ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಹುಡುಗಿ ತರಗತಿಯಲ್ಲಿ ತೆಲುಗು ಮಾತಾಡುತ್ತಿದ್ದಳು. ಒಮ್ಮೆ ಮೊಣಕೈ ತರಚಿದಾಗ "ಯವ್ವಾ" ಎಂದಳು. ನಾನು ಕನ್ನಡದಲ್ಲಿ, "ಯಾವೂರು ನಿಂದು?" ಎಂದೆ. ನನ್ನನ್ನು ನೋಡಿ ಅವಳಿಗೆ ಅಳುವೇ ಬಂತು, ಗಾಯಕ್ಕಲ್ಲ.

ಅವಳನ್ನು ಎಡಮೂಲೆಯಲ್ಲಿ ನಿಲ್ಲಿಸಿದೆ. ಕಬಡ್ಡಿಯಲ್ಲಿ ದಾಳಿಗೆ ಬಂದವಳ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ, ಮೂಲೆಯಲ್ಲಿ ನಿಂತು ಅವಳ ಪಾದ ಹಿಡಿಯುವವಳ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಪಂದ್ಯ ಗೆಲ್ಲಿಸುವವಳು ಮಾತ್ರ ಆ ಮೂಲೆಯವಳೇ. ಮಣ್ಣಿನ ಅಂಕಣದಲ್ಲಿ ಕೈಕೈ ಹಿಡಿದು ಸರಪಳಿ ಕಟ್ಟಿ ಮುತ್ತುವುದು ಹಳೆಯ ರೀತಿ. ಮ್ಯಾಟಿನ ಆಟ ಬರುತ್ತಿದ್ದಂತೆ ವೇಗ ಹೆಚ್ಚಿತು, ಒಬ್ಬೊಬ್ಬರೇ ಹಿಡಿಯುವುದನ್ನು ಕಲಿಸಬೇಕಾಯಿತು. ಬಗ್ಗಿ ಕಾದು, ಎದುರಾಳಿ ಕಾಲು ಚಾಚಿದ ತಕ್ಷಣ ಎರಡೂ ಕೈಯಿಂದ ಹಿಮ್ಮಡಿಯ ಮೇಲೆ ಹಿಡಿದು ತನ್ನ ಎದೆಗೆ ಎಳೆದುಕೊಳ್ಳಬೇಕು. ಉಳಿದವರು ಅದೇ ಕ್ಷಣದಲ್ಲಿ ಮೇಲೆ ಬೀಳಬೇಕು. ಇಡೀ ತಂಡಕ್ಕೆ ಇದನ್ನು ಸಾವಿರ ಸಲ ಮಾಡಿಸಿದೆ. ನಾಗವ್ವ ಎಲ್ಲರಿಗಿಂತ ಚೆನ್ನಾಗಿ ಕಲಿತಳು.

"ಹಿಡದ್ರ ಬಿಡಬಾರ್ದೇನ್ರಿ ಮೇಡಂ?" ಎಂದು ಮೊದಲ ದಿನ ಕೇಳಿದ್ದಳು.

"ಸೀಟಿ ಕೇಳೋ ತನಕಾ ಬಿಡಬಾರ್ದು."

"ಬಿಡಂಗಿಲ್ಲ ತಗೋರಿ."

ರಾಜ್ಯ ತಂಡಕ್ಕೆ ಆಯ್ಕೆಯಾಗಿ ಒಂದು ರಾಷ್ಟ್ರೀಯ ಪಂದ್ಯಾವಳಿ ಆಡಿದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಗುವ ದಾರಿಯೊಂದಿತ್ತು. ನಮ್ಮ ಹುಡುಗಿಯರೆಲ್ಲರ ಕಣ್ಣು ಅದರ ಮೇಲೆಯೇ. ಸಾಫ್ಟ್‌ವೇರಿನ ಊರಲ್ಲಿ ಇಂಗ್ಲಿಷ್ ಬಾರದ ಹುಡುಗಿಗೆ ಇನ್ನಾವ ದಾರಿಯಿದೆ ಹೇಳಿ. ಹಣಮವ್ವ ಒಂದು ಸಲ ಕಾಲೇಜಿಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಆಕಿ ನೌಕರಿ ಆತಂದ್ರ ನಾ ಆ ಎಣ್ಣಿ ವಾಸ್ನಿ ಬಿಟ್ಟು ಹೊರಗ ಬರ್ತೀನ್ರಿ ಬಾಯಾರ. ಕೈ ನೋಡ್ರಿ, ಏಸು ತೊಳದ್ರೂ ಹೋಗಂಗಿಲ್ಲ" ಎಂದಳು. ಮಗಳಿಗೆ ಆ ಕೆಲಸ ಕೊಡಿಸಿಯೇ ತೀರುತ್ತೇನೆಂದು ಮಾತು ಕೊಟ್ಟೆ. ಅಂಥ ಮಾತು ಕೊಡಬೇಡಿ. ಆಯ್ಕೆ ನಮ್ಮ ಕೈಯಲ್ಲಿ ಇರುವುದಿಲ್ಲ.

ಅದು ಯಾರ ಕೈಯಲ್ಲಿತ್ತು ಎಂಬುದು ಬೇಗನೆ ತಿಳಿಯಿತು. ಒಂದು ದಿನ ಸ್ವರೂಪಾ ಕಾಲೇಜಿಗೆ ಬಂದಳು. ಕಪ್ಪು ಪ್ಯಾಂಟು, ಕಪ್ಪು ಶರ್ಟು, ಸೊಂಟದಲ್ಲಿ ವೈರ್‌ಲೆಸ್. ಡಿಗ್ರಿ ಮುಗಿಸಿ ಎಲ್ಲೂ ಕೆಲಸ ಸಿಗದೆ ಅಲೆದವಳು ಒಂದು ಸೆಕ್ಯೂರಿಟಿ ಏಜೆನ್ಸಿ ಸೇರಿದ್ದಳು. ಐ.ಟಿ. ಕಂಪನಿಗಳ ಗೇಟಿನಲ್ಲಿ ಹೆಣ್ಣುಮಕ್ಕಳ ಚೀಲ ತಪಾಸಣೆಗೆ ಹೆಂಗಸರೇ ಬೇಕಾಗುತ್ತಿದ್ದರು. ಅವಳ ಹಿಂದೆಯೇ ಏಜೆನ್ಸಿಯ ಮಾಲೀಕ ನರ್ಸಿಂಗ್ ಅಣ್ಣ ಬಂದ. ಬಿಳಿ ಬಟ್ಟೆ, ಮೆತ್ತಗಿನ ಮಾತು, ಸಿಕ್ಕವರಿಗೆಲ್ಲ ಎರಡೂ ಕೈ ಜೋಡಿಸಿ ನಮಸ್ಕಾರ. ಊರ ಹೊರಗಿನ ಜಮೀನುಗಳ ಬೆಲೆ ಏರಿದಾಗ ಯಾರದೋ ಜಾಗಕ್ಕೆ ಇನ್ಯಾರೋ ಬೇಲಿ ಹಾಕುವುದು, ಆಮೇಲೆ ನಡುವೆ ಕೂತು "ಸೆಟ್ಲ್‌ಮೆಂಟ್" ಮಾಡುವುದು ದೊಡ್ಡ ದಂಧೆಯಾಯಿತಲ್ಲ, ಅದರಲ್ಲಿ ಬೆಳೆದವನು. ಗಂಡುಹುಡುಗರ ಅಖಾಡಾಗಳನ್ನು ಆಗಲೇ ಕೈಗೆ ಹಾಕಿಕೊಂಡಿದ್ದ. ಕಬಡ್ಡಿ ಅಸೋಸಿಯೇಷನ್ನಿನ ಖುರ್ಚಿಯಲ್ಲೂ ಕೂತಿದ್ದ. ರಾಜ್ಯ ತಂಡದ ಶಿಬಿರಕ್ಕೆ ಯಾರನ್ನು ಕರೆಯಬೇಕೆಂದು ಹೇಳುವವನು ಅವನೇ.

ನಮಗೆ ಹೊಚ್ಚಹೊಸ ಮ್ಯಾಟು ಕೊಟ್ಟ. ಹುಡುಗಿಯರಿಗೆ ಟ್ರ್ಯಾಕ್ ಸೂಟು, ಬೂಟು. ಪ್ರಿನ್ಸಿಪಾಲರು ಶಾಲು ಹೊದಿಸಿದರು. ನನಗೂ ಆ ದಿನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಗೋಡೆಗೆ ಮೊಳೆ ಹೊಡೆಸಿಕೊಳ್ಳಲೂ ಅರ್ಜಿ ಬರೆಯುತ್ತಿದ್ದವಳು ನಾನು.

ಕೆಲವು ದಿನ ಬಿಟ್ಟು ಒಂದು ಭಾನುವಾರ ಆಹ್ವಾನ ಪಂದ್ಯ ಎಂದು ನಮ್ಮ ತಂಡವನ್ನು ವ್ಯಾನಿನಲ್ಲಿ ಕರೆದೊಯ್ದರು. ಮೆಹದಿಪಟ್ಟಣಂ ದಾಟಿ, ಮುಖ್ಯ ರಸ್ತೆಯಲ್ಲಿ ಬಹಳ ದೂರ ಹೋಗಿ, ಬಂಡೆಗಳ ನಡುವೆ ಒಂದು ಬಯಲು. ಒಂದು ಬದಿಗೆ ಗುಡಿಸಲುಗಳ ಸಾಲು, ಇನ್ನೊಂದು ಬದಿಗೆ ಸುಣ್ಣದಲ್ಲಿ ಗೆರೆ ಎಳೆದ ಅಂಕಣ. ಎದುರಿಗೆ ಇನ್ನೊಂದು ಕಾಲೇಜಿನ ತಂಡ. ತಿಂಡಿಗೆ ಇಡ್ಲಿ-ವಡೆ. ಆದರೆ ಆಟ ನೋಡುವವರೇ ಇರಲಿಲ್ಲ. ಫೋಟೋದವನೊಬ್ಬ ಇದ್ದ. ಅವನು ನಾಗವ್ವನ ಒಳ್ಳೊಳ್ಳೆಯ ಹಿಡಿತಗಳನ್ನು ಬಿಟ್ಟು ಅಂಕಣದ ಆಚೆಗಿನ ಗಡಿಕಲ್ಲುಗಳೂ ಹಿಂದಿನ ಬಂಡೆಯೂ ಬರುವ ಹಾಗೆ ದೂರ ನಿಂತು ತೆಗೆಯುತ್ತಿದ್ದ. ಹತ್ತಿರ ಬಂದು ತೆಗಿ ಮಾರಾಯಾ ಎಂದರೆ ನಕ್ಕ.

ವಾಪಸು ಬರುವಾಗ ಸ್ವರೂಪಾಳನ್ನೇ ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಜಾಗಾ ಯಾರ ಕಬ್ಜಾದಾಗ ಅದ ಅಂತ ಕೋರ್ಟಿನಾಗ ತೋರಸ್ಬೇಕ್ರಿ ಮೇಡಂ. ಭಾಳ ವರ್ಷದಿಂದ ಇಲ್ಲಿ ಆಟದ ಮೈದಾನ ಅದ, ನಾವೇ ನಡಸಾಕತ್ತೀವಿ ಅಂತ. ಕಾಲೇಜ್ ಹುಡುಗ್ಯಾರು ಆಡೋದು ಕಂಡ್ರ ಜಡ್ಜ್‌ಗೂ ಚಲೋ ಅನಸ್ತದ."

"ನನ್ನ ಹುಡುಗ್ಯಾರನ್ನ ಬೇಲಿ ಕಂಬ ಮಾಡಿದ್ಯಾ ಸ್ವರೂಪಾ?"

"ಕಂಬಕ್ಕ ಯಾರು ರೈಲ್ವೆ ನೌಕರಿ ಕೊಡ್ತಾರ್ರಿ? ಇವ್ರಿಗೆ ಸಿಗ್ತದ. ನಂಗ ಯಾರೂ ಕೊಡಸ್ಲಿಲ್ಲ."

ಕೊನೆಯ ಮಾತು ನನಗೇ ಅಂದದ್ದು.

ಮಾರನೆಯ ದಿನ ಪ್ರಿನ್ಸಿಪಾಲರ ಬಳಿ ಹೋದೆ. ಅವರು ಮ್ಯಾಟಿನ ಗುಣಗಾನ ಮಾಡಿದರು. ಅಸೋಸಿಯೇಷನ್ನಿಗೆ ದೂರು ಕೊಡೋಣವೆಂದರೆ ದೂರು ತೆಗೆದುಕೊಳ್ಳುವ ಮೇಜಿನ ಹಿಂದೆ ನರ್ಸಿಂಗ್ ಅಣ್ಣನೇ ಕೂತಿರುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಪೊಲೀಸ್ ಠಾಣೆಗೆ ಹೋದೆ. ಚಹಾ ತರಿಸಿದರು, ತಾಳ್ಮೆಯಿಂದ ಕೇಳಿದರು, "ನೋಡೋಣ" ಎಂದರು. ಸಂಜೆ ಮನೆ ಮುಟ್ಟುವಷ್ಟರಲ್ಲಿ ಫೋನು ಬಂತು. "ಮೇಡಂ, ತಕ್ಲೀಫ್ ಇದ್ರೆ ಸೀದಾ ನಂಗೇ ಹೇಳಬಹುದಿತ್ತಲ್ಲ," ಎಂದು ನರ್ಸಿಂಗ್ ಅಣ್ಣ ಹಿಂದಿಯಲ್ಲಿ, ಎಂದಿನ ಮೆತ್ತಗಿನ ದನಿಯಲ್ಲಿ ಹೇಳಿದ. "ಠಾಣೆಯಲ್ಲಿ ಚಹಾ ಚೆನ್ನಾಗಿರಲ್ಲ." ಹೆದರಿಕೆ ಹೇಗಿರುತ್ತದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾಗವ್ವನನ್ನು ಕರೆದು ಎಲ್ಲವನ್ನೂ ಹೇಳಿದೆ. ಇನ್ನು ವ್ಯಾನು ಹತ್ತಬೇಡ ಎಂದೆ.

"ಹತ್ತಲಿಲ್ಲಂದ್ರ ಕ್ಯಾಂಪಿಗೆ ಕರಿಯಂಗಿಲ್ಲಂತ್ರಿ. ಸ್ವರೂಪಕ್ಕ ಹೇಳ್ಯಾಳ."

"ಕರೀಲಿಲ್ಲಂದ್ರ ಬಿಡು."

"ನೀವು ಬಿಡು ಅಂತೀರಿ. ಅವ್ವಗ ಏನಂತ ಹೇಳ್ಲಿ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ನನ್ನಿಂದ ಉತ್ತರ ಬೇಕಾಗಿತ್ತು ಅವಳಿಗೆ. "ಬರೇ ನಿಂದ್ರೋದಂತ್ರಿ. ಯಾರ್ನೂ ಮುಟ್ಟೋದಿಲ್ಲಂತ."

ನಿಲ್ಲುವ ಕೆಲಸ ಬಹಳ ದಿನ ಉಳಿಯಲಿಲ್ಲ. ಶಿಬಿರದ ಆಯ್ಕೆಗೆ ಕೆಲವೇ ದಿನಗಳಿದ್ದವು. ಒಂದು ಶನಿವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಹೋದರೆ ಮ್ಯಾಟಿನ ಮೇಲೆ ಒಬ್ಬರೂ ಇಲ್ಲ. ವ್ಯಾನು ಬಂದಿತ್ತು, ಎಲ್ಲರೂ ಹೋದರು ಎಂದ ಗೇಟಿನವನು. ಎಲ್ಲಿಗೆಂದು ನನಗೆ ಹೇಳಬೇಕಾಗಿರಲಿಲ್ಲ. ಮೆಹದಿಪಟ್ಟಣಂವರೆಗೆ ಬಸ್ಸು, ಅಲ್ಲಿಂದ ಆಟೋ. ಆಟೋದವನಿಗೆ ದಾರಿಯುದ್ದಕ್ಕೂ ಬೈದೆ, ಪಾಪ.

ಬಯಲಿಗೆ ಮುಟ್ಟಿದಾಗ ಬುಲ್ಡೋಜರ್ ಗುಡಿಸಲುಗಳ ಮುಂದೆ ನಿಂತಿತ್ತು, ಎಂಜಿನ್ ನಡೆಯುತ್ತಿತ್ತು. ಗುಡಿಸಲಿನ ಗಂಡಸರು ಕೂಲಿಗೆ ಹೋದ ಹೊತ್ತು ನೋಡಿಯೇ ಬಂದಿದ್ದರು. ಹೆಂಗಸರು ಕೈಗೆ ಕೈ ಹೆಣೆದುಕೊಂಡು ನೆಲದ ಮೇಲೆ ಸಾಲಾಗಿ ಕೂತಿದ್ದರು. ಗಂಡಸರು ಅವರನ್ನು ಮುಟ್ಟಿದರೆ ದೊಡ್ಡ ಕೇಸಾಗುತ್ತದೆ. ಹೆಂಗಸರನ್ನು ಎಳೆಯಲು ಹೆಂಗಸರೇ ಬೇಕು, ಅದೂ ಹಿಡಿಯಲು ಎಳೆಯಲು ಕಲಿತವರು. ನರ್ಸಿಂಗ್ ಅಣ್ಣ ಮ್ಯಾಟು ಕೊಟ್ಟದ್ದು ಏಕೆಂದು ನನಗೆ ಆಗ ಪೂರ್ತಿ ಅರ್ಥವಾಯಿತು. ದೊಣ್ಣೆ ಹಿಡಿದ ಗಂಡಸರು ಬಂಡೆಯ ನೆರಳಲ್ಲಿ ನಿಂತಿದ್ದರು. ಟ್ರ್ಯಾಕ್ ಸೂಟಿನ ನನ್ನ ಹುಡುಗಿಯರು ಮುಂದೆ.

ನಾಗವ್ವ ಮಾತ್ರ ಅವರ ಜೊತೆ ಇರಲಿಲ್ಲ. ಅವಳು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ನಡೆದದ್ದನ್ನು ಆಮೇಲೆ ಹುಡುಗಿಯರೇ ಹೇಳಿದರು. ಎಳೆಯಲು ಮೊದಲು ಹೋದವಳು ಅವಳೇ. ಮುದುಕಿಯೊಬ್ಬಳ ಕಾಲು ಹಿಡಿದಳಂತೆ. ಆ ಮುದುಕಿ, "ಹಡದವ್ವಾ, ನನ್ನ ಕಾಲು ಮುರದ್ರ ನಾಳಿ ಕಲ್ಲು ಹೊರಾಕ ನೀ ಬರ್ತಿಯೇನ?" ಎಂದು ಕೂಗಿದಳಂತೆ, ನಾಗವ್ವನ ಊರ ಕಡೆಯ ಕನ್ನಡದಲ್ಲೇ. ನಾಗವ್ವ ಕೈ ಬಿಟ್ಟಳು. ಆಮೇಲೆ ಬೂಟು ಕಳಚಿಟ್ಟು ಹೋಗಿ ಮುದುಕಿಯ ಪಕ್ಕ ಕೂತು ಅವಳ ಕೈಗೆ ಕೈ ಹೆಣೆದಳು.

ನಾನು ಆಟೋದಿಂದ ಇಳಿದು ಓಡುತ್ತಿದ್ದೆ. ಸ್ವರೂಪಾ, "ಅವಳನ್ನ ಎಳೀರೇ, ಬೇಗ!" ಎಂದು ಕಿರುಚಿದ್ದು ಕೇಳಿಸಿತು. ದೊಣ್ಣೆಯವರು ನೆರಳು ಬಿಟ್ಟು ಮುಂದೆ ಬರುತ್ತಿದ್ದರು. ನಮ್ಮ ಹೊಸ ಕ್ಯಾಪ್ಟನ್ ಸುನೀತಾ ಬಗ್ಗಿ ನಾಗವ್ವನ ಹಿಮ್ಮಡಿಯ ಮೇಲೆ ಎರಡೂ ಕೈ ಹಾಕಿ ಎದೆಗೆ ಎಳೆದುಕೊಂಡಳು. ಉಳಿದವರು ಅದೇ ಕ್ಷಣದಲ್ಲಿ ಮೇಲೆ ಬಿದ್ದರು. ಆ ಕಡೆ ಮುದುಕಿಯೂ ಪಕ್ಕದ ಹೆಂಗಸೂ ಅವಳ ತೋಳು ಬಿಡಲಿಲ್ಲ. ನಾನು ಕುತ್ತಿಗೆಯಲ್ಲಿದ್ದ ಸೀಟಿ ಊದಿದೆ. ಬೇರೇನೂ ತೋಚಲಿಲ್ಲ.

ಸೀಟಿ ಕೇಳಿದ್ದೇ ನನ್ನ ಹುಡುಗಿಯರೆಲ್ಲ ತಟ್ಟನೆ ಕೈ ಬಿಟ್ಟು ಎದ್ದು ನಿಂತರು, ಪಂದ್ಯದಲ್ಲಿ ನಿಲ್ಲುವಂತೆಯೇ. ನನ್ನ ಮಾತು ಅಷ್ಟು ಕೇಳುತ್ತಿದ್ದ ಮಕ್ಕಳು. ನಾಗವ್ವನ ಮೊಣಕಾಲು ಅಷ್ಟರಲ್ಲಿ ತಿರುಚಿ ಪಕ್ಕಕ್ಕೆ ಬಿದ್ದಿತ್ತು.

ಅವಳನ್ನು ಅದೇ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಸುನೀತಾ ಬಿಕ್ಕುತ್ತಾ ಜೊತೆಯಲ್ಲಿ ಬಂದಳು. "ಗಂಡಸರು ಹೊಡೀತಾರೆ ಅಂತ ನಾವೇ ಎಳೆದ್ವಿ ಮೇಡಂ, ಅವಳನ್ನ ಉಳಿಸೋಕೆ" ಎಂದು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳಿದಳು. ಅದು ನಿಜವೇ ಇರಬೇಕು. ಶಿಬಿರದ ಆಯ್ಕೆ ಹತ್ತಿರ ಬಂದಿದ್ದುದೂ ನಿಜ. ಎರಡರಲ್ಲಿ ಯಾವುದು ಎಷ್ಟು ಎಂದು ಬೇರ್ಪಡಿಸಲು ನನ್ನಿಂದ ಆಗಿಲ್ಲ, ಅವಳಿಂದಲೂ ಆಗಿರಲಾರದು. ನಾಗವ್ವ ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, "ಆಕಿಗೆ ಬೈಬ್ಯಾಡ್ರಿ ಮೇಡಂ. ಹಿಡಿತ ಬರೋಬರಿ ಇತ್ತು" ಎಂದಳು.

ನಾವು ಆಸ್ಪತ್ರೆ ತಲುಪುವಷ್ಟರಲ್ಲಿ ಗುಡಿಸಲುಗಳನ್ನು ಕೆಡವಿ ಆಗಿತ್ತು. ಸರಪಳಿಯ ನಡುವೆ ಒಂದು ಸಂದು ಬಿದ್ದರೆ ಮುಗಿಯಿತು, ಅದು ಕಬಡ್ಡಿಯಲ್ಲೂ ಹಾಗೆಯೇ. ಮರುದಿನ ಪತ್ರಿಕೆಯೊಂದರಲ್ಲಿ ಸಣ್ಣ ಸುದ್ದಿ ಬಂತು, ಅತಿಕ್ರಮಣ ಮಾಡಿದವರ ದಾಳಿಯಲ್ಲಿ ಕಾಲೇಜು ಕ್ರೀಡಾಪಟುವಿಗೆ ಗಾಯ ಎಂದು. ಮೈದಾನ ಉಳಿಸಲು ಹೋದ ಧೀರೆ ಎಂದೂ ಇತ್ತು.

ನಾನು ಮತ್ತೆ ಠಾಣೆಗೆ ಹೋದೆ. ಈ ಸಲ ಬೇರೊಬ್ಬ ಅಧಿಕಾರಿ. ಅವನು ಒಳ್ಳೆಯವನೇ ಇದ್ದ, ಅದೇ ಕಷ್ಟವಾಯಿತು. "ಬರೆದುಕೊಳ್ಳುತ್ತೇನೆ ಮೇಡಂ. ಆದರೆ ಎಳೆದವರು ನಿಮ್ಮ ಹುಡುಗಿಯರು. ಮೊದಲ ಆರೋಪಿಗಳು ಅವರೇ ಆಗುತ್ತಾರೆ. ಕಳಿಸಿದವನ ಹೆಸರು ಅವರ ಬಾಯಿಂದ ಬರಬೇಕು. ಬರುತ್ತದೆಯೇ?" ಎಂದ. ಹುಡುಗಿಯರನ್ನು ಒಬ್ಬೊಬ್ಬಳನ್ನೇ ಕೇಳಿದೆ. ಒಬ್ಬಳೂ ಅವನ ಹೆಸರು ಹೇಳಲಿಲ್ಲ. ಗುಡಿಸಲಿನವರೇ ಎಳೆದು ಕೆಡವಿದರು ಎಂದು ಹೇಳಲು ಅವರಿಗೆ ಆಗಲೇ ಕಲಿಸಿ ಆಗಿತ್ತು. ಕೊನೆಗೆ ಹಣಮವ್ವನ ಬಳಿ ಹೋದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಕೇಸು ಹಾಕೂಣು ಹಣಮವ್ವ. ನಾ ಸಾಕ್ಷಿ ಹೇಳ್ತೀನಿ."

"ಹಾಕಿದ್ರ ಆಕಿ ಕಾಲು ನೆಟ್ಟಗಾಕೈತೇನ್ರಿ?"

"ಇಲ್ಲ."

"ಮತ್ತ ಉಳಿದ ಹುಡಿಗ್ಯಾರ ಬಾಳೇವು ಯಾಕ ಕೆಡಸ್ತೀರಿ ಬಾಯಾರ? ಅವೂ ನಮ್ಮಂಥ ಮನಿ ಹುಡಿಗ್ಯಾರ ಅದಾವ." ಆಮೇಲೆ, "ನೀವು ಮಾತು ಕೊಟ್ಟಿದ್ರಿ" ಎಂದಳು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಕೇಸು ಹಾಕಲಿಲ್ಲ. ಶಿಬಿರಕ್ಕೆ ನಮ್ಮ ಕಾಲೇಜಿನಿಂದ ಐವರನ್ನು ಕರೆದರು, ಹಿಂದೆಂದೂ ಅಷ್ಟು ಜನರನ್ನು ಕರೆದಿರಲಿಲ್ಲ. ಅವರಲ್ಲಿ ಕೆಲವರಿಗೆ ರೈಲ್ವೆ ಕೆಲಸವೂ ಸಿಕ್ಕಿತು, ಸುನೀತಾಳಿಗೂ. ಪ್ರಿನ್ಸಿಪಾಲರು ಸಭೆಯಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ನರ್ಸಿಂಗ್ ಅಣ್ಣ ನನಗೆ ಹೂವಿನ ಹಾರ ಹಾಕಿದ. ಹಾಕಿಸಿಕೊಂಡೆ. ಆ ಬಯಲಿನ ಮೇಲೆ ಗಾಜಿನ ಕಟ್ಟಡ ಬಂತು. ಬೆಂಗಳೂರು, ಮೈಸೂರು, ಮಂಗಳೂರಿನ ಕನ್ನಡದ ಹುಡುಗ ಹುಡುಗಿಯರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಅಲ್ಲಿ ಓಡಾಡುತ್ತಾರೆ. ಅವರ ತಪ್ಪೇನೂ ಇಲ್ಲ, ಅವರಿಗೆ ಏನು ಗೊತ್ತು.

ಆಮೇಲೆಯೂ ವರ್ಷಗಟ್ಟಲೆ ಅದೇ ಕೆಲಸ ಮಾಡಿದೆ. ತಂಡಗಳು ಬಂದವು, ಹೋದವು. ಪಾದ ಹಿಡಿಯುವುದನ್ನು ಕಲಿಸುವಾಗ ನನ್ನ ದನಿ ಸಣ್ಣದಾಗುತ್ತಿತ್ತೆಂದು ಹುಡುಗಿಯರು ಅಣಕಿಸುತ್ತಿದ್ದರು. ಪ್ರತಿ ವರ್ಷ ಹೊಸ ಮಕ್ಕಳಿಗೆ ನಾಗವ್ವನ ಕತೆ ಹೇಳುತ್ತಿದ್ದೆ. ಊರು, ಹೆಸರು ಬದಲಾಯಿಸಿ, ಬೂಟು ಕಳಚಿಟ್ಟು ಮುದುಕಿಯ ಪಕ್ಕ ಕೂತ ಹುಡುಗಿಯೊಬ್ಬಳಿದ್ದಳು ಎಂದು. ನನ್ನ ಇಡೀ ನೌಕರಿಯಲ್ಲಿ ತಲೆ ಎತ್ತಿ ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ. ಅದೂ ನಾನು ಮಾಡಿದ್ದಲ್ಲ. ತಂಗಿಯ ಮಗಳೇ, ಈ ಕೆಲಸದಲ್ಲಿ ನೀನು ಮಕ್ಕಳ ಮೈಗೆ ಬಲ ಕೊಡುತ್ತೀಯೆ. ಆ ಬಲವನ್ನು ಯಾರು ಕೊಂಡುಕೊಳ್ಳುತ್ತಾರೆ ಎಂಬುದು ನಿನ್ನ ಕೈಯಲ್ಲಿರುವುದಿಲ್ಲ. ಇದಕ್ಕೆ ಉಪಾಯ ಗೊತ್ತಿದ್ದರೆ ಬರೆಯುತ್ತಿದ್ದೆ.

ನಿವೃತ್ತಿಯಾದ ಮೇಲೆ ನಾಚಾರಂಗೆ ಹೋದೆ. ಅಲ್ಲಿಯವರೆಗೆ ಅವಳ ಮನೆಗೆ ಹೋಗುವ ಧೈರ್ಯ ಬಂದಿರಲಿಲ್ಲ. ಹಣಮವ್ವ ತೀರಿಕೊಂಡಿದ್ದಳು. ಅವಳು ಕೂರುತ್ತಿದ್ದ ಜಾಗದಲ್ಲೇ ನಾಗವ್ವ ಈಗ ಬೋಲ್ಟು ಪ್ಯಾಕ್ ಮಾಡುತ್ತಾಳೆ. ಕೂತು ಮಾಡುವ ಕೆಲಸವಾದ್ದರಿಂದ ಕಾಲಿಗೆ ತೊಂದರೆಯಿಲ್ಲ ಎಂದಳು. ಕೂದಲಲ್ಲಿ ಬಿಳಿ ಇಣುಕಿತ್ತು. ಚಹಾ ಮಾಡಿಕೊಟ್ಟಳು. ಲೋಟಕ್ಕೂ ಎಣ್ಣೆಯ ವಾಸನೆ ಇತ್ತು.

ಆ ಮಾತು ಎತ್ತಬಾರದೆಂದು ಹೋಗಿದ್ದೆ, ಆದರೂ ಎತ್ತಿದೆ. ಪ್ರತಿ ವರ್ಷ ಮಕ್ಕಳಿಗೆ ಅವಳ ಕತೆ ಹೇಳುತ್ತಿದ್ದೆನೆಂದೂ, ಕೇಳಿ ಎಷ್ಟೋ ಮಕ್ಕಳು ಕಣ್ಣೀರು ಹಾಕುತ್ತಿದ್ದರೆಂದೂ ಹೇಳಿದೆ. "ನೀ ಅವತ್ತು ಮಾಡಿದ್ದು ಸರಿ ನಾಗವ್ವ. ಎಲ್ಲಾರಿಗಿಂತ ನೀನೊಬ್ಬಳೇ ಸರಿ ಮಾಡಿದಿ" ಎಂದೆ. ಇಷ್ಟು ವರ್ಷ ಅವಳಿಗೆ ಹೇಳಬೇಕೆಂದು ಕೂಡಿಟ್ಟುಕೊಂಡ ಮಾತು ಅದು.

ಅವಳು ಕಾಲನ್ನು ಎರಡೂ ಕೈಯಿಂದ ಎತ್ತಿ ಮುಂದಕ್ಕೆ ಚಾಚಿಕೊಂಡಳು.

"ಸರೀನ ಇರಬೇಕ್ರಿ ಮೇಡಂ," ಎಂದಳು. "ಆದ್ರ ಆ ದಿನ ಮತ್ತ ಬಂತಂದ್ರ ನಾ ಆ ಮುದುಕಿ ಮಗ್ಗಲಕ ಕೂಡಂಗಿಲ್ರಿ."

ನಾನು ಚಹಾ ಕುಡಿದು ಮುಗಿಸಿದೆ. ಆ ಕತೆ ಇನ್ನು ಮೇಲೆ ಯಾರಿಗೂ ಹೇಳಬೇಡಿ ಎಂದು ಅವಳೇನೂ ಹೇಳಲಿಲ್ಲ.